ಕಬ್ಬಿಣದ ಕಿಟ್ಟ: ಗುರುತು ಮತ್ತು ಕಾಲನಿರ್ಣಯ
(ಹಾಸನ ಸೀಮೆಯನ್ನು ಅನುಲಕ್ಷಿಸಿ)

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಚರಿತ್ರೆಯನ್ನು ಶಾಸನಗಳ ಮೂಲಕ ಕಾಣುವ ಪರಿಪಾಠಕ್ಕೆ ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಐದನೆಯ ಸಂಪುಟವು ಭದ್ರವಾದ ತಳಹದಿ ಹಾಕಿತು. ಶಾಸನಗಳು ಬಹುಮಟ್ಟಿಗೆ ದಾನಿಗಳನ್ನೂ ವೀರರನ್ನೂ ಸ್ಮರಿಸುತ್ತವೆ. ಅದಿರನ್ನು ಕಾಸಿ ಕಬ್ಬಿಣ ತೆಗೆದವರ ಕಸುಬಿಗಾದರೋ ಅವರು ಎಸೆದುಹೋದ ಕಿಟ್ಟವೇ ಮುಖ್ಯ ಸಾಕ್ಷಿ. ಹೊಲ, ಕೆರೆಯಂಗಳಗಳಲ್ಲಿ ಇಂಥ ಕರಿಯ ಗಟ್ಟಿಗಳನ್ನು ಮೊದಲು ಕಾಣುವವರು ಸಾಮಾನ್ಯವಾಗಿ ರೈತರು ಮತ್ತು ಹವ್ಯಾಸಿ ಇತಿಹಾಸಾಸಕ್ತರು.

ಗುರುತಿಸುವಲ್ಲಿ ಈ ಸೀಮೆಗೇ ವಿಶಿಷ್ಟವಾದ ತೊಡಕೊಂದಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿಯೂ ಹೊಳೆನರಸೀಪುರದ ಶಿಲಾಪಟ್ಟಿಯಲ್ಲಿಯೂ ಮ್ಯಾಗ್ನಟೈಟ್ ಅದಿರಿನ ಕಲ್ಲುಗಳಿವೆ. ಅವೂ ಕಪ್ಪು, ಅವೂ ಭಾರ, ಅವೂ ಅಯಸ್ಕಾಂತಕ್ಕೆ ಅಂಟುತ್ತವೆ. ಆದುದರಿಂದ ಅಯಸ್ಕಾಂತವೊಂದನ್ನೇ ನಂಬಲಾಗದು. ಹರಿದು ಹೆಪ್ಪುಗಟ್ಟಿದ ಮಡಿಕೆಗಳು, ಒಡೆದಾಗ ಕಾಣುವ ಗಾಳಿಗುಳ್ಳೆಗಳು, ಅಂಟಿದ ಇದ್ದಿಲಿನ ಅಚ್ಚು ಇವು ಕಿಟ್ಟದ ಲಕ್ಷಣಗಳು. ತಳ ಉಬ್ಬಿ ಮೇಲ್ಭಾಗ ಚಪ್ಪಟೆಯಾದ ಬಟ್ಟಲಿನಂಥ ಗಟ್ಟಿ ಬಹುಮಟ್ಟಿಗೆ ಕಮ್ಮಾರನ ಕುಲುಮೆಯದು. ಸುಟ್ಟ ಜೇಡಿಯ ಗೋಡೆಯ ಚೂರು, ತಿದಿಯ ಗಾಳಿಕೊಳವೆಯ ತುಂಡು ಜೊತೆಗೆ ದೊರೆತರೆ ಗುರುತು ಗಟ್ಟಿಯಾಗುತ್ತದೆ. ಕರಗಿ ಗಾಜಾದುದೆಲ್ಲ ಲೋಹಕಾರ್ಯದ ಶೇಷವಲ್ಲ ಎಂಬುದಕ್ಕೆ ಬಳ್ಳಾರಿ ಸೀಮೆಯ ಬೂದಿದಿಬ್ಬಗಳು ನಿದರ್ಶನ. ಅವು ಕಬ್ಬಿಣ ಕರಗಿಸಿದ ಶೇಷವಿರಬಹುದೆಂಬ ಊಹೆಯೂ ಒಮ್ಮೆ ಇತ್ತು. ಅವು ಸುಟ್ಟ ಸಗಣಿಯ ರಾಶಿಗಳೆಂಬುದನ್ನು ಎಫ್. ಆರ್. ಆಲ್ಚಿನ್ ಅವರ 1963ರ ಗ್ರಂಥವು ಪ್ರತಿಪಾದಿಸಿತು.

ಕಾಲನಿರ್ಣಯವು ಇನ್ನೂ ಕಠಿಣ. ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ಉತ್ಖನನ ನಡೆಸಿದ ಹಳ್ಳೂರಿನಲ್ಲಿ ಕಬ್ಬಿಣದ ಬಳಕೆ ಸುಮಾರು ಮೂರು ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ. ಇತ್ತ ಮೈಸೂರು ಸೀಮೆಯಲ್ಲಿ 1800ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಳೆನೀರು ತಂದ ಕರಿಮರಳಿನಿಂದ ಮಧುಗಿರಿಯ ಸುತ್ತ ಕಬ್ಬಿಣ ತೆಗೆಯುತ್ತಿದ್ದುದನ್ನು ದಾಖಲಿಸಿದ್ದಾನೆ. ಈ ದೀರ್ಘ ಅವಧಿಯುದ್ದಕ್ಕೂ ಇದ್ದಿಲು, ತಿದಿ, ಮಣ್ಣಿನ ಕುಲುಮೆಗಳೇ ಸಾಧನಗಳು. ಹೀಗಾಗಿ ಕಿಟ್ಟದ ಆಕಾರವೊಂದರಿಂದಲೇ ಶತಮಾನವನ್ನು ಹೇಳಲಾಗದು.

ದೇಶೀಯ ವೈದ್ಯಪರಂಪರೆಯು ಕಿಟ್ಟದ ವಯಸ್ಸನ್ನು ಬಹಳ ಹಿಂದೆಯೇ ಗಣಿಸಿತ್ತೆಂಬುದು ಗಮನಾರ್ಹ. ‘ಮಂಡೂರ’ವೆಂಬ ಹೆಸರಿನಿಂದ ಔಷಧಿಗೆ ಬಳಸುವಾಗ ನೂರು ವರ್ಷ ಮೀರಿದುದು ಉತ್ತಮ, ಎಂಬತ್ತರದು ಮಧ್ಯಮ, ಅರವತ್ತರದು ಅಧಮವೆಂದು ರಸಶಾಸ್ತ್ರವು ವಿಂಗಡಿಸಿದೆ. ಇಂಥ ಎಣಿಕೆಗೆ ಆ ರಾಶಿ ಯಾವಾಗಿನದೆಂಬ ತಿಳಿವಳಿಕೆ ಅಗತ್ಯ. ಗಟ್ಟಿಯನ್ನು ನೋಡಿದ ಮಾತ್ರಕ್ಕೆ ಅದು ದೊರೆಯದು.

ಇಂದಿನ ವಿಧಾನಗಳೂ ನೆಲೆಯನ್ನೇ ಅವಲಂಬಿಸಿವೆ. ಕಿಟ್ಟದೊಳಗೆ ಸಿಕ್ಕಿಬಿದ್ದ ಇದ್ದಿಲಿಗೆ ರೇಡಿಯೋ ಕಾರ್ಬನ್ ಪರೀಕ್ಷೆ ಸಾಧ್ಯ; ಆದರೆ ಹಳೆಯ ಮರದ ಇದ್ದಿಲು ಕಾಲವನ್ನು ಹಿಂದಕ್ಕೆಳೆಯುತ್ತದೆ, ಈಚಿನ ಮೂರು ಶತಮಾನಗಳಲ್ಲಿ ಫಲಿತಾಂಶ ಮಸುಕಾಗುತ್ತದೆ. ಸುಟ್ಟ ಕುಲುಮೆಗೋಡೆಗೆ ಉಷ್ಣದೀಪ್ತಿ ವಿಧಾನವುಂಟು. ಅದಕ್ಕೆ ಸುತ್ತಲ ಮಣ್ಣಿನ ಮಾಪನವೂ ಬೇಕು. ಅದೇ ಪದರದ ಮಡಕೆ ಚೂರುಗಳು ಕಪ್ಪು-ಕೆಂಪು ಬಣ್ಣದವಾಗಿದ್ದರೆ ಬೃಹತ್ ಶಿಲಾಯುಗದ ಸಾಧ್ಯತೆಯನ್ನು ಪರಿಶೀಲಿಸಬಹುದು.

ಆದ್ದರಿಂದ ಹವ್ಯಾಸಿಯು ಗಟ್ಟಿಯನ್ನು ಮನೆಗೆ ಒಯ್ದೊಡನೆ ಅದರ ಕಾಲವನ್ನು ಅಲ್ಲಿಯೇ ಬಿಟ್ಟುಬಂದಂತಾಗುತ್ತದೆ. ಸ್ಥಳದಲ್ಲಿಯೇ ಛಾಯಾಚಿತ್ರ ತೆಗೆದು, ಸರ್ವೆ ನಂಬರನ್ನೂ ಹೊಲದ ರೂಢಿಯ ಹೆಸರನ್ನೂ ಬರೆದುಕೊಂಡು, ಪುರಾತತ್ತ್ವ ಇಲಾಖೆಗೆ ತಿಳಿಸುವುದು ಯೋಗ್ಯ. ಊರಿನ ಹಿರಿಯರು ಆ ಜಾಗದ ಬಗ್ಗೆ ಹೇಳುವ ಮಾತೂ ದಾಖಲಾಗಬೇಕು. ಅದು ಕಾಲನಿರ್ಣಯಕ್ಕೆ ಪ್ರಮಾಣವಲ್ಲವಾದರೂ ಎಲ್ಲಿ ಹುಡುಕಬೇಕೆಂಬುದನ್ನು ತೋರಿಸಬಲ್ಲುದು. ಹೊಲ ಸಮತಟ್ಟಾದ ಮೇಲೆ ಕಿಟ್ಟ ಉಳಿದೀತು, ಕಮ್ಮಾರರ ಚರಿತ್ರೆ ಉಳಿಯದು.