ಮೊದಲಿನ ಚಿತ್ರ ಯಾರ ಬಳಿ ಇದೆ?

1930ರ ಫೆಬ್ರವರಿ 18ರಂದು ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟಾಂಬೋ ಪ್ಲೂಟೋವನ್ನು ಕಂಡುಹಿಡಿದರು. ಆಗ ಅವರ ಮುಂದಿದ್ದದ್ದು ಎರಡು ಗಾಜಿನ ಫಲಕಗಳು. ಆಕಾಶದ ಒಂದೇ ಭಾಗವನ್ನು ಜನವರಿ 23ರಂದು ಒಮ್ಮೆ, 29ರಂದು ಇನ್ನೊಮ್ಮೆ ತೆಗೆದ ಫೋಟೋಗಳವು. ಯಂತ್ರವೊಂದರಲ್ಲಿಟ್ಟು, ಒಮ್ಮೆ ಇದು ಒಮ್ಮೆ ಅದು ಎಂದು ಬದಲಾಯಿಸುತ್ತ ನೋಡಿದರು. ನಕ್ಷತ್ರಗಳೆಲ್ಲ ಇದ್ದಲ್ಲೇ ಇದ್ದವು. ಒಂದು ಚುಕ್ಕಿ ಮಾತ್ರ ಜಿಗಿಯಿತು.

1990ರಲ್ಲಿ ಬಂದ ಫೋಟೋಶಾಪ್‌ನಲ್ಲೂ ಇದೇ ಉಪಾಯ ನಡೆಯುತ್ತಿತ್ತು. ಅದರಲ್ಲಿ ಒಂದೇ ಒಂದು ಹೆಜ್ಜೆ ಹಿಂದಕ್ಕೆ ಹೋಗಬಹುದಿತ್ತು. ‘ಅನ್‌ಡು’ ಕೊಟ್ಟರೆ ತಿದ್ದಿದ್ದು ಮಾಯ, ಮತ್ತೆ ಕೊಟ್ಟರೆ ಹಾಜರು. ಕೊರತೆಯೇ ಅನುಕೂಲವಾಯಿತು: ಅದೇ ಕೀಲಿಯನ್ನು ಟಪಟಪನೆ ಒತ್ತುತ್ತ ಹಿಂದಿನದನ್ನೂ ಈಗಿನದನ್ನೂ ಹೋಲಿಸಬಹುದಾಗಿತ್ತು. 1998ರ 5.0 ಆವೃತ್ತಿಯಲ್ಲಿ ‘ಹಿಸ್ಟರಿ’ ಪಟ್ಟಿ ಬಂದು, ಹಲವು ಹೆಜ್ಜೆ ಹಿಂದೆ ಹೋಗುವುದು ಸಾಧ್ಯವಾಯಿತು. ಹೆಸರೇನೋ ಚರಿತ್ರೆ, ಆಯಸ್ಸು ಮಾತ್ರ ಫೈಲ್ ಮುಚ್ಚುವ ತನಕ. 2007ರಲ್ಲಿ ಬಂದ ಲೈಟ್‌ರೂಮ್ ಮೂಲ ಚಿತ್ರವನ್ನು ಮುಟ್ಟಲೇ ಇಲ್ಲ. ತಿದ್ದುಪಡಿಗಳನ್ನು ಸೂಚನೆಗಳಾಗಿ ಬೇರೆಯೇ ಬರೆದಿಟ್ಟುಕೊಂಡಿತು. ಹಾಗಾಗಿ ವರ್ಷಗಳ ಮೇಲೂ ಒಂದು ಕೀಲಿ ಒತ್ತಿದರೆ ಮೊದಲಿನ ರೂಪ ಕಾಣುತ್ತದೆ.

ಆದರೆ ಈ ಅನುಕೂಲಗಳೆಲ್ಲ ತಿದ್ದುವವರಿಗೆ. ನೋಡುವವರ ಕೈಗೆ ಬರುವುದು ಕೊನೆಯ ಚಿತ್ರ ಮಾತ್ರ.

1994ರ ಜೂನ್‌ನಲ್ಲಿ ಓದುಗರಿಗೆ ಎರಡೂ ಸಿಕ್ಕಿದ್ದು ಆಕಸ್ಮಿಕವಾಗಿ. ಕೊಲೆ ಆರೋಪದ ಮೇಲೆ ಬಂಧಿತನಾಗಿದ್ದ ಕಪ್ಪುವರ್ಣೀಯ ಫುಟ್‌ಬಾಲ್ ತಾರೆ ಓ.ಜೆ. ಸಿಂಪ್ಸನ್‌ನ ಪೊಲೀಸ್ ಫೋಟೋವನ್ನು ‘ಟೈಮ್’ ಮತ್ತು ‘ನ್ಯೂಸ್‌ವೀಕ್’ ಎರಡೂ ಒಂದೇ ವಾರ ಮುಖಪುಟದಲ್ಲಿ ಹಾಕಿದವು. ‘ಟೈಮ್’ನ ಚಿತ್ರದಲ್ಲಿ ಮುಖ ಎದ್ದು ಕಾಣುವಷ್ಟು ಕಪ್ಪಾಗಿತ್ತು. ವಿಚಾರಣೆಗೂ ಮುನ್ನವೇ ಅವನನ್ನು ಕ್ರೂರಿಯಂತೆ ತೋರಿಸಿದ್ದಾರೆ, ಇದರಲ್ಲಿ ಜನಾಂಗದ್ವೇಷವಿದೆ ಎಂಬ ಆಕ್ಷೇಪ ಜೋರಾಗಿ ಎದ್ದಿತು. ಪಕ್ಕದಲ್ಲೇ ‘ನ್ಯೂಸ್‌ವೀಕ್’ ಇಲ್ಲದಿದ್ದರೆ ಎಷ್ಟು ಜನರಿಗೆ ಅದು ತಿಳಿಯುತ್ತಿತ್ತು?

ನಮ್ಮ ಸಾಫ್ಟ್‌ವೇರ್ ಕಸುಬಿನಲ್ಲಿ ಇದಕ್ಕೆ ಹಳೆಯ ರೂಢಿಯೊಂದಿದೆ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ‘ಡಿಫ್’ ಎಂಬ ಪ್ರೋಗ್ರಾಂ ಹುಟ್ಟಿತು. ಎರಡು ಫೈಲುಗಳಲ್ಲಿ ಯಾವ ಸಾಲು ಹೋಯಿತು, ಯಾವುದು ಬಂತು ಎಂದು ಅದು ತೋರಿಸುತ್ತದೆ. ಇಂದು ಕೋಡ್ ಪರಿಶೀಲಿಸುವವರು ಹಳೆಯ ಸಾಲನ್ನೂ ನೋಡದೆ ಹೊಸದಕ್ಕೆ ಒಪ್ಪಿಗೆ ಕೊಡುವುದು ಅಪರೂಪ. ಬದಲಾಯಿಸುವುದು ತಪ್ಪಲ್ಲ, ಬದಲಾದದ್ದು ಕಾಣಬೇಕು, ಅಷ್ಟೇ.

ಚಿತ್ರಗಳಿಗೂ ಇಂಥದ್ದೊಂದು ಬೇಕೆಂದು 2019ರಲ್ಲಿ ಅಡೋಬಿ, ‘ನ್ಯೂಯಾರ್ಕ್ ಟೈಮ್ಸ್’ ಮತ್ತು ಟ್ವಿಟರ್ ಸೇರಿ ಪ್ರಯತ್ನವೊಂದನ್ನು ಶುರುಮಾಡಿದವು. ಚಿತ್ರ ಎಲ್ಲಿಂದ ಬಂತು, ಏನೇನು ತಿದ್ದಲಾಯಿತು ಎಂಬ ದಾಖಲೆ ಫೈಲಿನ ಜೊತೆಗೇ ಸಾಗಬೇಕೆಂಬುದು ಅದರ ಆಶಯ. ಆದರೆ ಅದು ಕಡ್ಡಾಯವಲ್ಲ; ಒಂದು ಸ್ಕ್ರೀನ್‌ಶಾಟ್ ತೆಗೆದರೆ ಫೈಲಿನೊಳಗಿನ ದಾಖಲೆ ಹಿಂದೆಯೇ ಉಳಿಯುತ್ತದೆ.

ಟಾಂಬೋ ಬಳಿ ಎರಡೂ ಫಲಕಗಳಿದ್ದವು. ಮೊಬೈಲಿಗೆ ಬಂದ ಚಿತ್ರ ನೋಡಿ ಸಿಟ್ಟಾಗುವ ನಮ್ಮ ಬಳಿ ಇರುವುದು ಒಂದೇ.