ಈ ತಟ್ಟೆ ಯಾವೂರದು?

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಅಂದ್ರೆ ನಮಗೆ ನೆನಪಾಗೋದು ಅಶೋಕನ ಶಾಸನ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿದಾಗ ನುಣುಪಾದ ಮಣ್ಣಿನ ತಟ್ಟೆಯ ಚೂರುಗಳೂ ಸಿಕ್ಕವು. ತಟ್ಟೆಯ ಒಳತಳದಲ್ಲಿ ವೃತ್ತಾಕಾರವಾಗಿ ಪುಟ್ಟ ಪುಟ್ಟ ಗೀರುಗಳ ಸಾಲು. ಇದರ ಹೆಸರು ರೂಲೆಟೆಡ್ ವೇರ್.

ಎರಡು ವರ್ಷ ಮೊದಲು ಪುದುಚೇರಿ ಪಕ್ಕದ ಅರಿಕಮೇಡುವಿನಲ್ಲೂ ಇಂಥವೇ ಸಿಕ್ಕಿದ್ದವು, ಜೊತೆಗೆ ಇಟಲಿಯ ಅರೆಟೈನ್ ಪಾತ್ರೆಗಳ ಚೂರುಗಳೂ. ಹಾಗಾಗಿ ಈ ಗೀರಿನ ತಟ್ಟೆಯ ಮೂಲವೂ ಮೆಡಿಟರೇನಿಯನ್ ಕಡೆಯದೇ ಅಂತ ವೀಲರ್ ತರ್ಕಿಸಿದರು. ಆ ಮಾತು ದಶಕಗಳ ಕಾಲ ನಡೀತು.

ಆದರೆ ಕಣ್ಣಿಗೆ ಕಾಣೋದು ಆಕಾರ ಮಾತ್ರ, ಮಣ್ಣಿನ ಊರಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ವಿಶ್ವಾಸ್ ಗೊಗಟೆ ಚೂರುಗಳನ್ನು ಪುಡಿ ಮಾಡಿ ಎಕ್ಸ್-ರೇ ಹಾಯಿಸಿದರು. ಪ್ರತಿ ಖನಿಜದ ಹರಳೂ ಕಿರಣಗಳನ್ನು ತನ್ನದೇ ಕೋನಗಳಲ್ಲಿ ಚದುರಿಸುತ್ತೆ. ಹಾಗೆ ಮೂಡುವ ಗ್ರಾಫನ್ನು ಬೇರೆ ಬೇರೆ ಕಡೆಯ ಮಣ್ಣಿನ ಗ್ರಾಫ್ ಜೊತೆ ಹೋಲಿಸಿದರೆ ಮೂಲದ ಸುಳಿವು ಸಿಗುತ್ತೆ. 1997ರಲ್ಲಿ ಅವರು ಪ್ರಕಟಿಸಿದ ಉತ್ತರ: ಬಂಗಾಳದ ಚಂದ್ರಕೇತುಗಢ–ತಾಮ್ಲುಕ್ ಸೀಮೆ!

ಇದೇ ಬಗೆಯ ಚೂರುಗಳು ಶ್ರೀಲಂಕಾದ ಅನುರಾಧಪುರದಲ್ಲೂ, ದೂರದ ಬಾಲಿಯ ಸೆಂಬಿರನ್‌ನಲ್ಲೂ ಸಿಕ್ಕಿವೆ. ಅಂದರೆ ಇಲ್ಲಿ ನಾವು ನೋಡಬೇಕಾದ್ದು ರೋಮಿನ ಹಡಗುಗಳನ್ನಷ್ಟೇ ಅಲ್ಲ, ಬಂಗಾಳ ಕೊಲ್ಲಿಯಲ್ಲಿ ಓಡಾಡುತ್ತಿದ್ದ ನಮ್ಮ ವರ್ತಕರನ್ನೂ.

ಗೀರು ಹಾಕುವ ಕಲ್ಪನೆ ಎಲ್ಲಿಂದ ಬಂತು ಅಂತ ಎಕ್ಸ್-ರೇ ಹೇಳಲ್ಲ, ನಿಜ. ಆದ್ರೆ ಅಚ್ಚುಕಟ್ಟಾಗಿ ಕಂಡದ್ದೆಲ್ಲ ಹೊರಗಿನದೇ ಇರಬೇಕು ಅನ್ನೋ ನಮ್ಮ ಹಳೇ ಅಭ್ಯಾಸದಿಂದ, ಹೆಸರೂ ಉಳಿಯದ ಒಬ್ಬ ಕುಂಬಾರನ ಕೆಲಸ ಎಷ್ಟು ಕಾಲ ಬೇರೆಯವರ ಲೆಕ್ಕಕ್ಕೆ ಹೋಗಿತ್ತು ನೋಡಿ.