ಕೊಟ್ಟಿಗೆ ವಾಸನೆ: ಚೌಳು ಮಣ್ಣಿನಿಂದ ಸೋಪಿನ ಪುಡಿಯವರೆಗೆ

ಬೆಳಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೈರಿಗೆ ಹಾಕಿ, ಅದೇ ಅವಸರದಲ್ಲಿ ಬಸ್ ಹತ್ತಿದವರಿಗೆ ಗೊತ್ತು: ಪಕ್ಕದಲ್ಲಿ ಕೂತವರು ಮೆಲ್ಲಗೆ ಮುಖ ಆ ಕಡೆ ತಿರುಗಿಸುತ್ತಾರೆ. ಹಾಲು ಎಲ್ಲರಿಗೂ ಬೇಕು, ವಾಸನೆ ಮಾತ್ರ ಕರೆದವರ ಪಾಲಿಗೆ. ಈ ವಾಸನೆ, ಕಲೆಗಳ ಜತೆ ನಮ್ಮ ಹಳ್ಳಿಗಳು ಹೇಗೆ ಏಗಿಕೊಂಡು ಬಂದವು ಅಂತ ಈ ಸಲ ನೋಡೋಣ.

ಸಾಬೂನು ಬರುವ ಮೊದಲು ನಮ್ಮಲ್ಲಿ ಇದ್ದದ್ದು ಚೌಳು ಮಣ್ಣು, ಒಲೆ ಬೂದಿ, ಅಂಟುವಾಳ, ಸೀಗೆಕಾಯಿ. ಚೌಳಿನಲ್ಲಿ ಸೋಡಾ ಇದೆ, ಬೂದಿಯಲ್ಲಿ ಪೊಟ್ಯಾಷ್. ಎರಡೂ ಕ್ಷಾರ, ಜಿಡ್ಡು ಬಿಡಿಸುತ್ತವೆ, ಕೈಯನ್ನೂ ಒಡೆಸುತ್ತವೆ. ಅಂಟುವಾಳದ ನೊರೆಗೆ ಕಾರಣ ಸಪೋನಿನ್ ಎಂಬ ಅಂಶ. ಮಡಿವಾಳರು ಬಟ್ಟೆಯನ್ನು ಚೌಳಿನ ನೀರಲ್ಲಿ ಅದ್ದಿ, ಉಬ್ಬೆ ಹಾಕಿ, ಕಲ್ಲಿಗೆ ಬಡಿದು ಒಗೆಯುತ್ತಿದ್ದರು. ಕೂಲಿ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಸಿಗುತ್ತಿತ್ತು. ಆದರೆ ಸತ್ತ ದನ ಹೊರುವ ಕೆಲಸ ಯಾರ ಹೆಗಲಿಗೆ ಹಾಕಿದ್ದರೋ ಅವರ ಬಟ್ಟೆಗೆ ಎಷ್ಟೋ ಊರುಗಳಲ್ಲಿ ಈ ಸೇವೆ ಇರಲಿಲ್ಲ. ಅತಿ ಹೆಚ್ಚು ಕಲೆ ಹೊತ್ತವರೇ ತಮ್ಮ ಬಟ್ಟೆ ತಾವೇ ಒಗೆದುಕೊಳ್ಳಬೇಕಿತ್ತು.

1918ರಲ್ಲಿ ಮೈಸೂರು ಸಂಸ್ಥಾನದಲ್ಲಿ ಗಂಧದ ಸಾಬೂನು ಬಂತು. ಅದು ಮೈಗೆ ಹಚ್ಚುವ ಸಾಬೂನು, ಕೊಟ್ಟಿಗೆ ಬಟ್ಟೆಗಲ್ಲ. 1959ರಲ್ಲಿ ಸರ್ಫ್ ಬಂದರೂ ಬಡವರಿಗೆ ದುಬಾರಿ. 1969ರಲ್ಲಿ ಗುಜರಾತಿನ ಕರ್ಸನ್‌ಭಾಯಿ ಪಟೇಲ್ ಅಗ್ಗದ ನಿರ್ಮಾ ಪುಡಿ ಶುರು ಮಾಡಿದರು. ಮುಂದೆ ಅದು ಹಳ್ಳಿಯ ಅಂಗಡಿಗೂ ಬಂತು.

ಇತ್ತ ಕೊಟ್ಟಿಗೆಯೂ ಬದಲಾಯಿತು. 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಶುರುವಾದ ಹಾಲಿನ ಸಹಕಾರ, 1974ರ ನಂತರ ವಿಶ್ವಬ್ಯಾಂಕ್ ನೆರವಿನಿಂದ ಊರೂರಿಗೆ ಹಬ್ಬಿತು. ಮೇಯಲು ಹೋಗುತ್ತಿದ್ದ ನಾಟಿ ಹಸುಗಳ ಜಾಗಕ್ಕೆ ದಿನವಿಡೀ ಕಟ್ಟಿ ಹಾಕುವ ಮಿಶ್ರತಳಿ ಬಂದವು. ಸಗಣಿ, ಗಂಜಲ ಎಲ್ಲ ಒಂದೇ ಕಡೆ ಬೀಳತೊಡಗಿದವು. ಕೆರೆ ನೀರು ಹೋಗಿ ಬೋರ್‌ವೆಲ್ ನೀರು ಬಂತು. ಗಡಸು ನೀರಲ್ಲಿ ಸಾಬೂನು ನೊರೆ ಬಿಡದೆ ಬಟ್ಟೆಗೆ ಅಂಟುತ್ತದೆ. ಡಿಟರ್ಜೆಂಟ್ ಪುಡಿ ಗೆದ್ದದ್ದಕ್ಕೆ ಜಾಹೀರಾತಿನ ಜತೆ ಇದೂ ಒಂದು ಕಾರಣ.

ಹಳೆಯ ತಿಳಿವಳಿಕೆ, ಹೊಸ ಪುಡಿ ಎರಡನ್ನೂ ಸೇರಿಸಿದರೆ ದಾರಿ ಸುಲಭ. ಹಾಲು, ರಕ್ತದ ಕಲೆಗೆ ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ಅದರಲ್ಲಿನ ಪ್ರೋಟೀನ್ ಗಟ್ಟಿಯಾಗಿ ಕಲೆ ಕೂತುಬಿಡುತ್ತದೆ. ಸಗಣಿಯ ಹಸಿರು ಕಲೆಯನ್ನು ಒಗೆದು ಬಿಸಿಲಿಗೆ ಹಾಕಿದರೆ ಮಾಸುತ್ತದೆ. ಗಂಜಲ ಸಗಣಿಯ ಜತೆ ಸೇರಿ ನಿಂತಾಗ ಅಮೋನಿಯಾ ಏಳುತ್ತದೆ. ಅದೂ ಕ್ಷಾರ, ಹಾಗಾಗಿ ಕೊನೆಯಲ್ಲಿ ನಿಂಬೆರಸ ಬೆರೆಸಿದ ನೀರಲ್ಲಿ ಜಾಲಾಡಿಸಿದರೆ ಘಾಟು ತಗ್ಗುತ್ತದೆ. ಗಂಜಲದ ಬಟ್ಟೆಗಾಗಲಿ ನೆಲಕ್ಕಾಗಲಿ ಬ್ಲೀಚಿಂಗ್ ಪುಡಿ ಮಾತ್ರ ಹಾಕಬೇಡಿ, ವಿಷದ ಗಾಳಿ ಹುಟ್ಟುತ್ತದೆ.

ಕೊಟ್ಟಿಗೆಗೆಂದೇ ಒಂದು ಹಳೆ ಅಂಗಿ, ಒಂದು ತಲೆವಸ್ತ್ರ ಬೇರೆ ಇಟ್ಟರೆ ಅರ್ಧ ಕೆಲಸ ಮುಗಿಯಿತು. ಎಷ್ಟೋ ಮನೆಗಳಲ್ಲಿ ಸಗಣಿ ಬಾಚುವವಳೂ ಅವಳೇ, ಆ ಬಟ್ಟೆ ಒಗೆಯುವವಳೂ ಅವಳೇ. ಒಗೆಯುವ ಕಲ್ಲಿನ ಹತ್ತಿರ ಗಂಡಸರೂ ಒಂದು ದಿನ ನಿಂತು ನೋಡಲಿ. ಬಸ್ಸಿನಲ್ಲಿ ಮುಖ ತಿರುಗಿಸುವವರಿಗೆ ನಾವು ಹೇಳುವುದು ಇಷ್ಟೇ: ನಿಮ್ಮ ಬೆಳಗಿನ ಕಾಫಿ ಬಂದದ್ದು ಇದೇ ವಾಸನೆಯ ನಡುವಿನಿಂದ.